ಅಪ್ಪನಿಗೊಬ್ಬ ಫ್ಯಾಮಿಲಿ ಡಾಕ್ಟರ್

ವಿಐಎಸ್‌ಎಲ್‌ನಿಂದ ರಿಟೈರಾದ ನನ್ನಪ್ಪ ಭದ್ರಾವತಿಯಲ್ಲಿದ್ದಾರೆ. ಶುಗರ್, ಬಿಪಿ ಎರಡೂ ಇದೆ. ಬೆಂಗಳೂರಲ್ಲಿ ಕೂತು ಮೊಬೈಲಲ್ಲೇ ಅವರಿಗೆ ಡಾಕ್ಟರ್ ಹುಡುಕಿದೆ. ಶಿವಮೊಗ್ಗದ ಒಂದು ಕ್ಲಿನಿಕ್ ವೆಬ್‌ಸೈಟ್‌ನಲ್ಲಿ ನಗುಮುಖದ ಫೋಟೊಗಳೇನೋ ಇದ್ದವು. ಡಾಕ್ಟರ್ ಓದಿದ್ದು ಎಂಬಿಬಿಎಸ್ಸಾ, ಬಿಎಎಂಎಸ್ಸಾ, ಯಾವ ದಿನ ಕೂರ್ತಾರೆ ಅನ್ನೋದೇ ಇರಲಿಲ್ಲ. ಅಪ್ಪ ಬಸ್ ಹತ್ತಿ ಹೋದರೆ ಬಾಗಿಲು ಹಾಕಿತ್ತು!

ಆಮೇಲೆ ಬುದ್ಧಿ ಬಂತು. ರಿಜಿಸ್ಟ್ರೇಷನ್ ನಂಬರ್ ಕೊಟ್ಟಿದ್ದರೆ, ಎಂಬಿಬಿಎಸ್ ಡಾಕ್ಟರ ಹೆಸರನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟ್‌ನಲ್ಲಿ ನಾವೇ ನೋಡಬಹುದು. 2007ರ ಕಾಯ್ದೆ ಪ್ರಕಾರ ಕ್ಲಿನಿಕ್‌ಗೂ ಕೆಪಿಎಂಇ ನೋಂದಣಿ ಇರಲೇಬೇಕು. ಇಷ್ಟು ನೋಡಿ, ಒಂದು ಫೋನ್ ಮಾಡಿ: “ಪ್ರತಿ ಸಲ ಅದೇ ಡಾಕ್ಟರೇ ಸಿಗ್ತಾರಾ?” ಶುಗರ್‌ನೋರಿಗೆ ಹಳೇ ರಿಪೋರ್ಟ್ ಗೊತ್ತಿರೋ ಡಾಕ್ಟರೇ ಬೇಕು.

ಈಗ ಸಿಕ್ಕಿರೋರ ವೆಬ್‌ಸೈಟ್ ಒಂದೇ ಪುಟ. ಹೆಸರು, ಡಿಗ್ರಿ, ನಂಬರ್, ಟೈಮಿಂಗ್ಸ್, ಅಷ್ಟೇ. ಅಪ್ಪ ಅದನ್ನು ನೋಡೇ ಇಲ್ಲ. “ಚೆನ್ನಾಗಿ ಮಾತಾಡಿಸ್ತಾರೆ ಕಣಮ್ಮ” ಅಂತಾರೆ.