ಪಿಚಕಾರಿಯ ಧರ್ಮಯುದ್ಧ

ಈ ವಾರ ವಾಚಕರ ಮುಂದೆ ನಾನು ಒಂದು ತಪ್ಪೊಪ್ಪಿಗೆಯನ್ನು ಹಿಡಿದು ನಿಂತಿದ್ದೇನೆ. ನ್ಯಾಯಾಧಿಪತಿಯ ಪೀಠದಲ್ಲಿ ಕುಳಿತವನು ತಾನೇ ಅಪರಾಧಿಯಾದ ಕಥೆ ಇದು.

ಬೇಸಿಗೆಯ ರಜೆ ಆರಂಭವಾದ ಮೊದಲ ಭಾನುವಾರ ನಮ್ಮ ಬೀದಿಯ ಹನ್ನೆರಡು ಮಂದಿ ಮಕ್ಕಳು ನಮ್ಮ ಜಗಲಿಗೆ ದಂಡೆತ್ತಿ ಬಂದರು. ಹಿರಿಯವನಿಗೆ ಹದಿನಾಲ್ಕು ವರ್ಷ, ಕಿರಿಯವಳಿಗೆ ಏಳು. ಬೀದಿಯ ಕೊನೆಯ ಖಾಲಿ ನಿವೇಶನದಲ್ಲಿ ನೀರಿನ ಕಾಳಗ ನಡೆಯಲಿದೆಯೆಂದೂ, ಎರಡು ಪಕ್ಷಗಳು ಸಿದ್ಧವಾಗಿವೆಯೆಂದೂ, ಸೋಲು ಗೆಲುವುಗಳ ತೀರ್ಪನ್ನು ನಾನು ಕೊಡಬೇಕೆಂದೂ ನಿವೇದಿಸಿಕೊಂಡರು. ಈ ವಯಸ್ಸಿನಲ್ಲಿ ಇಂಥ ಗೌರವ ತಾನಾಗಿ ಬಂದರೆ ಬೇಡವೆನ್ನುವವರಾರು? ಕುರ್ಚಿಯೊಂದನ್ನು ಹೊರಿಸಿಕೊಂಡು ಹೊರಟೆ.

ದಾರಿಯಲ್ಲಿ ಕನ್ನಡಕದ ಹುಡುಗಿಯೊಬ್ಬಳು, “ತಾತ, ಆಯುಧಗಳಿಗೆ ನಿಯಮ ಬೇಡವೆ?” ಎಂದು ಕೇಳಿದಳು. “ಯಾರ ಬಳಿ ಏನಿದೆಯೋ ಅದನ್ನೇ ತನ್ನಿ. ಬರೀ ನೀರು ತಾನೆ! ನೀರಿನಿಂದ ಯಾರಿಗೇನಾದೀತು?” ಎಂದುಬಿಟ್ಟೆ.

ಈ ಒಂದು ಮಾತೇ ನನ್ನ ಅಪರಾಧ.

ರಣರಂಗದಲ್ಲಿ ನಾನು ಕಂಡದ್ದು ಹೀಗಿತ್ತು. ಏಳು ವರ್ಷದವಳ ಕೈಯಲ್ಲಿ ಜಾತ್ರೆಯಲ್ಲಿ ಕೊಂಡ ಪುಟ್ಟ ಪಿಸ್ತೂಲು. ಅದು ಹಾರಿಸುವ ನೀರು ನಾಲ್ಕು ಮಾರು ಹೋದರೆ ಹೆಚ್ಚು. ಹದಿನಾಲ್ಕರವನ ಹೆಗಲಲ್ಲಿ ಗಾಳಿ ತುಂಬಿ ಹೊಡೆಯುವ ದೊಡ್ಡ ಬಂದೂಕು. ಇನ್ನೊಬ್ಬನು ಮನೆಯ ಮಹಡಿಯ ಟ್ಯಾಂಕಿನಿಂದ ಇಳಿದ ನಲ್ಲಿಗೆ ಉದ್ದನೆಯ ಪೈಪನ್ನೇ ಸಿಕ್ಕಿಸಿಕೊಂಡು ನಿಂತಿದ್ದನು. ಮತ್ತೊಬ್ಬನ ಸೀಸೆಯಲ್ಲಿ ಸೋಪಿನ ನೊರೆ. ಇವರೆಲ್ಲರೂ ಸಮಾನರೆಂದು ಭಾವಿಸಿ ನಾನು ಸೀಟಿ ಊದಿದೆ.

ಐದು ನಿಮಿಷವೂ ಕಳೆದಿರಲಿಲ್ಲ. ಗೋಡೆಯ ಮರೆಯಿಂದ ಇಣುಕಿದ ಏಳು ವರ್ಷದವಳ ಮುಖಕ್ಕೆ ಎರಡಡಿ ದೂರದಿಂದ ದೊಡ್ಡ ಬಂದೂಕಿನ ಧಾರೆ ಬಡಿಯಿತು. ಅವಳು ಕಣ್ಣನ್ನು ಮುಚ್ಚಿಕೊಂಡು ಕುಳಿತವಳು ಮತ್ತೆ ಏಳಲಿಲ್ಲ. ಹೊಡೆದ ಹುಡುಗನು ಬಂದೂಕನ್ನು ಕೆಳಗೆ ಹಾಕಿ ಅವಳಿಗಿಂತ ಗಟ್ಟಿಯಾಗಿ ಅಳತೊಡಗಿದನು. ಕಣ್ಣಿನ ವೈದ್ಯರು ನೋಡಿ, ಮೇಲ್ಪೊರೆ ತರಚಿದೆ, ದೃಷ್ಟಿಗೆ ಅಪಾಯವಿಲ್ಲವೆಂದು ಹೇಳುವವರೆಗೆ ನಮ್ಮ ಬೀದಿಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಸಂಜೆ ಮಗುವಿನ ತಾಯಿ ನಮ್ಮ ಬಾಗಿಲಿಗೆ ಬಂದು ಹೇಳಿದ್ದು ಒಂದೇ ಮಾತು: “ನೀವು ಅಲ್ಲಿಯೇ ಕುಳಿತಿದ್ದಿರಂತಲ್ಲ, ರಾಯರೇ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ.

ಆ ರಾತ್ರಿ ನಿದ್ರೆ ಬಾರದೆ ಯೋಚಿಸಿದೆ. ನೀರೆರಚಾಟವೇನೂ ಹೊಸದಲ್ಲ. ಏಳನೆಯ ಶತಮಾನದ ಹರ್ಷನ ‘ರತ್ನಾವಳಿ’ ನಾಟಕದ ಮೊದಲನೆಯ ಅಂಕದಲ್ಲಿಯೇ ವಸಂತೋತ್ಸವದ ಪೌರರು ಜೀರ್ಕೊಳವೆಗಳಿಂದ ಒಬ್ಬರ ಮೇಲೊಬ್ಬರು ನೀರು ಚಿಮ್ಮುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ನಡುವೆ ನೀರಾಟಕ್ಕೂ ಸ್ಥಾನವುಂಟು. ಬಾಗಲಕೋಟೆಯ ಹೋಳಿಯಲ್ಲಿ ಇಂದಿಗೂ ಬಣ್ಣದ ನೀರಿನ ಪೀಪಾಯಿಗಳನ್ನು ಬಂಡಿಗಳಲ್ಲಿ ಹೇರಿಕೊಂಡು ಓಣಿ ಓಣಿಗಳಲ್ಲಿ ಓಕುಳಿಯಾಡುತ್ತಾರೆ. ಇಷ್ಟು ಕಾಲದಿಂದ ನಡೆದು ಬಂದ ಆಟಕ್ಕೆ ಈಗ ಮಾತ್ರ ಆಯುಧದ ನಿಯಮ ಏಕೆ ಬೇಕಾಯಿತು?

ಉತ್ತರವು ಜೀರ್ಕೊಳವೆಯಲ್ಲಿಯೇ ಇದೆ. ಹಳೆಯ ಪಿಚಕಾರಿಯೆಂದರೆ ಒಂದು ನಳಿಗೆ, ಒಂದು ಕೊಂತ. ಎಷ್ಟು ಬಲವಾಗಿ ತಳ್ಳಿದರೆ ಅಷ್ಟು ದೂರ ನೀರು. ಮಗುವಿನ ಕೈಯಲ್ಲಿ ಅದು ಮಗುವಿನಷ್ಟೇ ಬಲವುಳ್ಳದ್ದು. ಒಮ್ಮೆ ತಳ್ಳಿದ ಮೇಲೆ ಮತ್ತೆ ನೀರನ್ನು ಸೆಳೆದುಕೊಳ್ಳದೆ ಗತಿಯಿಲ್ಲ. ಆಯುಧದ ಮಿತಿಯು ತೋಳಿನ ಮಿತಿಯೇ ಆಗಿದ್ದುದರಿಂದ ಬೇರೆ ನಿಯಮ ಬೇಕಿರಲಿಲ್ಲ.

ಈ ಮಿತಿಯನ್ನು ಮುರಿದವರು ಅಮೆರಿಕದ ಲಾನಿ ಜಾನ್ಸನ್ ಎಂಬ ಎಂಜಿನಿಯರು. ಅಲ್ಲಿನ ವಾಯುಸೇನೆಯಲ್ಲಿಯೂ ನಾಸಾ ಸಂಸ್ಥೆಯಲ್ಲಿಯೂ ದುಡಿದವರು. 1982ರಲ್ಲಿ ಅವರು ಮನೆಯಲ್ಲಿ ಬೇರೊಂದು ಪ್ರಯೋಗದಲ್ಲಿ ತೊಡಗಿದ್ದರು; ಫ್ರಿಯಾನ್ ಅನಿಲದ ಬದಲು ನೀರನ್ನೇ ಬಳಸುವ ಶಾಖಯಂತ್ರವನ್ನು ಮಾಡಬೇಕೆಂಬುದು ಉದ್ದೇಶ. ಬಚ್ಚಲುಮನೆಯ ನಲ್ಲಿಗೆ ಸಿಕ್ಕಿಸಿದ್ದ ಮೂತಿಯಿಂದ ನೀರಿನ ಧಾರೆಯೊಂದು ಕೋಣೆಯ ಉದ್ದಕ್ಕೂ ರಭಸದಿಂದ ಹಾರಿತು. ಇದರಿಂದ ಒಳ್ಳೆಯ ಆಟಿಕೆಯಾದೀತೆಂದು ಅವರಿಗೆ ಆಗಲೇ ಹೊಳೆಯಿತು. ಆ ಆಟಿಕೆ 1990ರಲ್ಲಿ ಅಂಗಡಿಗೆ ಬಂದಿತು. 1991ರಲ್ಲಿ ಸೂಪರ್ ಸೋಕರ್ ಎಂಬ ಹೆಸರನ್ನು ಪಡೆದು ಲೋಕಪ್ರಸಿದ್ಧವಾಯಿತು. ಅದರ ಗುಟ್ಟು ಇಷ್ಟೇ: ಪಂಪಿನಿಂದ ಗಾಳಿಯನ್ನು ಮತ್ತೆ ಮತ್ತೆ ಒತ್ತಿ ಕೂಡಿಡುವುದು, ಕುದುರೆಯನ್ನು ಎಳೆದಾಗ ಆ ಗಾಳಿಯು ನೀರನ್ನು ಹೊರಕ್ಕೆ ದೂಡುವುದು. ಇಪ್ಪತ್ತು ಸಲ ಒತ್ತಿದ ಶ್ರಮವೆಲ್ಲವೂ ಒಂದೇ ಕ್ಷಣದಲ್ಲಿ ಹೊರಬೀಳುತ್ತದೆ. ತೋಳಿನ ಬಲ ಬೇರೆ, ಆಯುಧದ ಬಲ ಬೇರೆಯಾದದ್ದು ಅಂದಿನಿಂದ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಗಣಿತಕ್ಕೆ ಅಂಜುವವರು ಒಂದೇ ಒಂದು ಪ್ಯಾರಾ ಸಹಿಸಿಕೊಳ್ಳಬೇಕು. ಹತ್ತು ಮೀಟರ್ ಎತ್ತರದ ಟ್ಯಾಂಕಿನ ಕೆಳಗೆ ನಲ್ಲಿಯಲ್ಲಿರುವಷ್ಟು ಒತ್ತಡವನ್ನು, ಎಂದರೆ ಸುಮಾರು ಒಂದು ವಾತಾವರಣದ ಒತ್ತಡವನ್ನು ಬಂದೂಕಿನಲ್ಲಿ ಕೂಡಿಟ್ಟರೆ, ನೀರು ಸೆಕೆಂಡಿಗೆ 14 ಮೀಟರ್ ವೇಗದಲ್ಲಿ ಹೊರಡುತ್ತದೆ. ಇದು ಗಂಟೆಗೆ 50 ಕಿಲೋಮೀಟರ್ ಓಡುವ ಬಸ್ಸಿನ ವೇಗ. ಮೂತಿಯ ರಂಧ್ರ 2 ಮಿಲಿಮೀಟರ್ ಇದ್ದರೆ ಒಂದು ಲೀಟರ್ ನೀರು ಮುಗಿಯಲು 20 ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಅದೇ ರಂಧ್ರವನ್ನು 4 ಮಿಲಿಮೀಟರ್ ಮಾಡಿದರೆ ಆರು ಸೆಕೆಂಡೂ ಬೇಡ. ಪೆಟ್ಟು ನಾಲ್ಕು ಪಟ್ಟಾಗುತ್ತದೆ. ನೋಡುವವರ ಕಣ್ಣಿಗೆ ಎರಡೂ ಒಂದೇ ಬಂದೂಕು. ಆದುದರಿಂದ ಬಂದೂಕಿನ ಗಾತ್ರವನ್ನು ಅಳೆದರೆ ಸಾಲದು, ಒತ್ತಡವನ್ನೂ ಮೂತಿಯನ್ನೂ ಅಳೆಯಬೇಕು. ಇನ್ನು ಟ್ಯಾಂಕಿಗೆ ಸಿಕ್ಕಿಸಿದ ಪೈಪಾದರೋ ದಣಿವನ್ನೇ ಅರಿಯದ ಯೋಧ. ಅದಕ್ಕೆ ನೀರೂ ಮುಗಿಯದು, ತೋಳೂ ನೋಯದು.

ಪೆಟ್ಟಿನ ಮಾತು ಹೀಗಾದರೆ ರೂಪದ ಮಾತು ಇನ್ನೊಂದು. ನಿಜವಾದ ಕೋವಿಯಂತೆ ಕಾಣುವ ಆಟದ ಕೋವಿಯಿಂದ ಅನರ್ಥವಾದೀತೆಂದು ಅಮೆರಿಕದಲ್ಲಿ 1988ರಲ್ಲಿ ಕಾನೂನನ್ನೇ ಮಾಡಿದರು: ಅಂಥ ಆಟಿಕೆಯ ಮೂತಿಗೆ ಕಿತ್ತಳೆ ಬಣ್ಣದ ಗುರುತಿರಬೇಕು, ಇಲ್ಲವೇ ಅದು ಪೂರ್ತಿ ಪಾರದರ್ಶಕವಾಗಿರಬೇಕು ಅಥವಾ ಕಣ್ಣಿಗೆ ಹೊಡೆಯುವ ಬಣ್ಣದ್ದಾಗಿರಬೇಕು. ನೀರಿನ ಬಂದೂಕಿಗೂ ಈ ಕಟ್ಟಳೆಯುಂಟು.

ಇಷ್ಟಾದರೂ ಆಯುಧದ ನಿಯಮವೊಂದೇ ಎಲ್ಲವನ್ನೂ ಕಾಯುವುದಿಲ್ಲ. 1992ರಲ್ಲಿ ಬಾಸ್ಟನ್ ನಗರದಲ್ಲಿ ನೀರಿನ ಬಂದೂಕಿನ ಆಟ ಜಗಳಕ್ಕೆ ತಿರುಗಿ, ಅಲ್ಲಿ ನಿಜವಾದ ಗುಂಡೇ ಹಾರಿ ಹದಿನೈದು ವರ್ಷದ ಹುಡುಗನೊಬ್ಬನು ಸತ್ತನು. ಈ ಬಂದೂಕುಗಳ ಮಾರಾಟವನ್ನು ನಿಲ್ಲಿಸಿರೆಂದು ಮೇಯರ್ ರೇಮಂಡ್ ಫ್ಲಿನ್ ಅಂಗಡಿಯವರನ್ನು ಕೇಳಿಕೊಂಡರು. ಆಟ ಬೇಡವಾದವನ ಮೇಲೆ ಎರಚಿದ ನೀರು ಆಟವಲ್ಲ, ಅವಮಾನ. ಇದನ್ನು ಅರಿಯಲು ಬಾಸ್ಟನ್ನಿಗೆ ಹೋಗಬೇಕಾಗಿಲ್ಲ. ಹೋಳಿಯ ದಿನ ಕೆಲಸಕ್ಕೆ ಹೊರಟು, ಮಹಡಿಯಿಂದ ಎಸೆದ ನೀರಿನ ಬಲೂನಿಗೆ ಸಿಕ್ಕಿದ ಹೆಣ್ಣುಮಕ್ಕಳನ್ನು ಕೇಳಿದರೆ ಸಾಕು.

ಕುರುಕ್ಷೇತ್ರದ ಯುದ್ಧಕ್ಕೆ ಮುನ್ನ ಎರಡು ಪಕ್ಷದವರೂ ಕೂಡಿ ಕಟ್ಟಳೆ ಮಾಡಿಕೊಂಡರೆಂದು ಭೀಷ್ಮಪರ್ವ ಹೇಳುತ್ತದೆ. ರಥಿಕನೊಡನೆ ರಥಿಕ, ಕಾಲಾಳಿನೊಡನೆ ಕಾಲಾಳು. ಆಯುಧ ಕಳೆದುಕೊಂಡವನನ್ನೂ ಬೆನ್ನು ತಿರುಗಿಸಿದವನನ್ನೂ ಹೊಡೆಯಕೂಡದು. ಆ ಕಟ್ಟಳೆಗಳ ಗತಿ ಏನಾಯಿತೆಂಬುದು ವಾಚಕರಿಗೆ ಗೊತ್ತೇ ಇದೆ. ಆದರೂ ಕೊಲ್ಲಲು ನಿಂತವರೇ ಮೊದಲು ನಿಯಮದ ಮಾತನ್ನಾಡಿದರು. ನಗಲು ಹೊರಟ ಮಕ್ಕಳಿಗೆ ನಾನು ಅಷ್ಟನ್ನೂ ಮಾಡಿಕೊಡಲಿಲ್ಲ.

ಮರುದಿನ ಮಕ್ಕಳನ್ನೆಲ್ಲ ಕರೆಸಿ ಜಗಲಿಯಲ್ಲಿ ಸಭೆ ಸೇರಿಸಿದೆ. ಮೂರು ಸಂಜೆಗಳ ವಾದವಿವಾದದ ಬಳಿಕ ಈ ಶಾಸನ ಸಿದ್ಧವಾಯಿತು:

1. ತುಂಬತಕ್ಕದ್ದು ಶುದ್ಧವಾದ ತಣ್ಣೀರು ಮಾತ್ರ. ಬಣ್ಣ, ಸೋಪು, ಮಂಜುಗಡ್ಡೆ ಯಾವುದೂ ಸಲ್ಲದು. ತುಂಬುವುದು ಎಲ್ಲರೂ ಕಾಣುವ ಒಂದೇ ತೊಟ್ಟಿಯಿಂದ.

2. ಕೈಯಿಂದ ಒತ್ತುವ ಬಂದೂಕುಗಳಿಗೆ ಮಾತ್ರ ಅವಕಾಶ. ನಲ್ಲಿಯ ಪೈಪು, ವಿದ್ಯುತ್ ಪಂಪು, ಬಲೂನು, ಕವಣೆ ನಿಷಿದ್ಧ. (ಮೂವರು ಹಿಡಿದೆಳೆಯುವ ರಬ್ಬರು ಕವಣೆಯಿಂದ ಎಸೆದ ನೀರಿನ ಬಲೂನು ಕಣ್ಣನ್ನು ಕೆಡಿಸಿದ ಪ್ರಸಂಗಗಳನ್ನು ಅಮೆರಿಕದ ನೇತ್ರವೈದ್ಯರು 1990ರ ದಶಕದಲ್ಲಿಯೇ ದಾಖಲಿಸಿದ್ದಾರೆ.)

3. ಮೂತಿಯನ್ನು ಕೊರೆದು ಅಗಲಿಸಕೂಡದು. ಒಂದು ಮೊಳದ ದೂರದಿಂದ ತೀರ್ಪುಗಾರನ ಅಂಗೈಗೆ ಹೊಡೆದು ತೋರಿಸಬೇಕು. ಅಂಗೈ ಉರಿದರೆ ಆ ಬಂದೂಕು ಆ ದಿನ ಮನೆಯಲ್ಲಿರತಕ್ಕದ್ದು.

4. ಎಲ್ಲರೂ ಪ್ರಯೋಗಶಾಲೆಯಲ್ಲಿ ಧರಿಸುವಂಥ ರಕ್ಷಣೆಯ ಕನ್ನಡಕವನ್ನು ಹಾಕಿಕೊಳ್ಳಬೇಕು. ಹಾಕಿಕೊಳ್ಳದವರು ಪ್ರೇಕ್ಷಕರು.

5. ಮುಖಕ್ಕೆ ಗುರಿಯಿಡಕೂಡದು, ಹತ್ತು ಅಡಿಗಿಂತ ಹತ್ತಿರದಿಂದ ಹೊಡೆಯಕೂಡದು. ಅಷ್ಟು ಹತ್ತಿರ ಸಿಕ್ಕಿಬಿದ್ದವನು “ಶರಣು” ಎಂದರೆ ಸಾಕು.

6. ಬಂದೂಕು ದೂರದಿಂದಲೇ ಆಟಿಕೆಯೆಂದು ತಿಳಿಯುವ ಬಣ್ಣದ್ದಾಗಿರಬೇಕು. ಕಪ್ಪು ಬಣ್ಣದ್ದು ಬೇಡ.

7. ಆಡದವರು, ದಾರಿಹೋಕರು, ಬೀದಿನಾಯಿ ಇವರ ಮೇಲೆ ಒಂದು ಹನಿ ಬಿದ್ದರೂ ಹೊಡೆದವನು ಹೊರಗೆ.

8. ತಲೆಗೆ ಐದು ಲೀಟರ್ ನೀರು. ಮುಗಿದರೆ ಮುಗಿಯಿತು.

ಎಂಟನೆಯದಕ್ಕೆ ಮೊದಲು ಬಹಳ ಪ್ರತಿಭಟನೆ ಬಂದಿತು. ಬೆಂಗಳೂರಿನವರಾದ ನಾವು 2024ರ ಮಾರ್ಚ್ ತಿಂಗಳನ್ನು ಮರೆಯುವಂತಿಲ್ಲ. ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ಹಾದಿ ಕಾಯುತ್ತಿದ್ದ ದಿನಗಳವು. ಆ ವರ್ಷದ ಹೋಳಿಗೆ ಕೊಳದ ಕುಣಿತ, ಮಳೆ ಕುಣಿತಗಳಿಗೆ ಕಾವೇರಿಯ ನೀರನ್ನಾಗಲಿ ಕೊಳವೆಬಾವಿಯ ನೀರನ್ನಾಗಲಿ ಬಳಸಕೂಡದೆಂದು ಜಲಮಂಡಳಿ ಹೇಳಬೇಕಾಯಿತು. ಹನ್ನೆರಡು ಮಂದಿಗೆ ಅರವತ್ತು ಲೀಟರ್ ಎಂದರೆ ನಾಲ್ಕು ಬಕೆಟ್ಟು. ಅಷ್ಟರಲ್ಲಿ ಆಡಲಾರದ ಆಟವನ್ನು ಬೇಸಿಗೆಯಲ್ಲಿ ಆಡಬಾರದು ಎಂದೆ. ಒಪ್ಪಿದರು.

ಆದರೆ ಎಲ್ಲಕ್ಕಿಂತ ಮಿಗಿಲಾದ ನಿಯಮ ನನ್ನದಲ್ಲ, ಕನ್ನಡಕದ ಹುಡುಗಿಯದು. “ತಾತ, ಎಷ್ಟು ನೆನೆದರು ಎಂದು ಲೆಕ್ಕ ಹಾಕಿದರೆ ದೊಡ್ಡ ಬಂದೂಕೇ ಗೆಲ್ಲುತ್ತದೆ. ಪ್ರತಿಯೊಬ್ಬರ ಎದೆಗೂ ಬೆನ್ನಿಗೂ ಒಂದೊಂದು ಕಾಗದ ಚುಚ್ಚೋಣ. ಕಾಗದದ ಮೇಲೆ ಶಾಯಿಯ ಬೊಟ್ಟು. ನೀರು ತಗಲಿ ಬೊಟ್ಟು ಕದಡಿದರೆ ಸೋತಂತೆ” ಎಂದಳು. ಆ ಕಾಗದಕ್ಕೆ ಒಂದು ಲೋಟ ನೀರೂ ಒಂದೇ, ನಾಲ್ಕು ಹನಿಯೂ ಒಂದೇ. ಗುರಿಯು ತಾನಾಗಿ ಮುಖದಿಂದ ಎದೆಗೆ ಇಳಿಯಿತು. ದೊಡ್ಡ ಬಂದೂಕಿನ ಹೆಚ್ಚುಗಾರಿಕೆಯೂ ಬಹುಮಟ್ಟಿಗೆ ಇಳಿಯಿತು. ಹಿರಿಯರ ಎಂಟು ನಿಷೇಧಗಳು ಮಾಡಲಾರದ ಕೆಲಸವನ್ನು ಎರಡು ತುಂಡು ಕಾಗದ ಮಾಡಿತು.

ಮಗುವಿನ ಕಣ್ಣು ಪೂರ್ತಿ ವಾಸಿಯಾಗಿ, ಆಡಬಹುದೆಂದು ವೈದ್ಯರು ಹೇಳಿದ ಮೇಲೆ, ಕಳೆದ ಭಾನುವಾರ ಎರಡನೆಯ ಕಾಳಗ ನಡೆಯಿತು. ಅವಳ ತಾಯಿ ಗೇಟಿನ ಬಳಿ ನಿಂತು ಮೊದಲಿನಿಂದ ಕೊನೆಯವರೆಗೆ ನೋಡಿದರು. ಐದು ಲೀಟರಿನ ಮಿತಿಯಿಂದಾಗಿ ಯಾರೂ ಸುಮ್ಮನೆ ಎರಚಲಿಲ್ಲ. ಹೊಂಚಿದರು, ತೆವಳಿದರು, ಕಾದರು. ಹದಿನಾಲ್ಕರವನು ಎರಡು ಬೊಟ್ಟುಗಳನ್ನು ಕದಡಿ ಮೂರನೆಯವರನ್ನು ಅರಸುತ್ತಿದ್ದಾಗ, ಹೊಂಗೆಯ ಮರದ ಹಿಂದಿನಿಂದ ಜಾತ್ರೆಯ ಪಿಸ್ತೂಲಿನ ತೆಳುಧಾರೆಯೊಂದು ಬಂದು ಅವನ ಬೆನ್ನ ಮೇಲಿನ ನೀಲಿಯನ್ನು ಕರಗಿಸಿತು. ಮರುಗಳಿಗೆಯಲ್ಲಿ ಆ ವೀರಾಗ್ರಣಿಯೂ ಬೇರೊಬ್ಬರಿಗೆ ಸೋತು ಹೊರಬಂದಳು. ಹೊರಗೆ ಇಬ್ಬರೂ ಒಂದೇ ಕಲ್ಲಿನ ಮೇಲೆ ಕುಳಿತು, ಮುಂದಿನ ಸಲ ಒಂದೇ ಪಕ್ಷದಲ್ಲಿರಬೇಕೆಂದು ಸಂಧಿ ಮಾಡಿಕೊಂಡರು.

ಯುದ್ಧ ಮುಗಿದಾಗ ತೊಟ್ಟಿಯಲ್ಲಿ ಇನ್ನೂ ಅರ್ಧ ಬಕೆಟ್ಟು ನೀರು ಉಳಿದಿತ್ತು. ಅದನ್ನು ಹೊಂಗೆಯ ಬುಡಕ್ಕೆ ಸುರಿಸಿದೆ. ಆ ತಾಯಿ ಹತ್ತಿರ ಬಂದು, “ಮುಂದಿನ ವಾರವೂ ನೀವೇ ಕುಳಿತುಕೊಳ್ಳಿ, ರಾಯರೇ” ಎಂದರು. ನಾನು ಬೀಗುವಷ್ಟರಲ್ಲಿ, “ಆದರೆ ನಾಲ್ಕನೆಯ ನಿಯಮ ನಿಮಗೂ ಇದೆ” ಎಂದು ಸೇರಿಸಿದರು.

ತಡವಿ ನೋಡಿಕೊಂಡೆ. ಹನ್ನೆರಡು ಮಂದಿಗೂ ಕನ್ನಡಕ ಹಾಕಿಸಿದ ತೀರ್ಪುಗಾರನು ತನ್ನ ರಕ್ಷಣೆಯ ಕನ್ನಡಕವನ್ನು ಮನೆಯ ಮೇಜಿನ ಮೇಲೆಯೇ ಬಿಟ್ಟು ಬಂದಿದ್ದನು.