ಹೆಸರು ಒಂದೇ, ಜಾಲ ಯಾರದು?

ಪಿಯುಸಿ ಮುಗಿಸಿ ಬುಕ್ಕಸಾಗರದಿಂದಲೋ ಕಂಪ್ಲಿಯಿಂದಲೋ ದೂರದ ಊರಿನ ದೊಡ್ಡ ಕಾಲೇಜು ಸೇರುವ ವಿದ್ಯಾರ್ಥಿಗೆ ಮೊದಲ ವಾರದಲ್ಲೇ ಒಂದು ಪರೀಕ್ಷೆ ಎದುರಾಗುತ್ತದೆ. ಅದು ಬರುವುದು ಪ್ರಶ್ನೆಪತ್ರಿಕೆಯಲ್ಲಲ್ಲ, ಮೊಬೈಲ್ ಪರದೆಯ ಮೇಲೆ. ಮನೆಯ ವೈಫೈಗೆ ಒಂದು ಪಾಸ್‌ವರ್ಡ್ ಹಾಕಿದರೆ ಸಾಕು. ಇಂಥ ಅನೇಕ ಕಾಲೇಜುಗಳ ವೈಫೈ ಹಾಗಲ್ಲ. ಅದು ವಿದ್ಯಾರ್ಥಿಯ ಯೂಸರ್‌ನೇಮ್ ಕೇಳುತ್ತದೆ, ಪಾಸ್‌ವರ್ಡ್ ಕೇಳುತ್ತದೆ. ಅಷ್ಟಕ್ಕೇ ಬಿಡದೆ 'ಸಿಎ ಸರ್ಟಿಫಿಕೇಟ್' ಯಾವುದು, 'ಡೊಮೈನ್' ಯಾವುದು ಎಂದೂ ಕೇಳುತ್ತದೆ. "ಅದನ್ನೆಲ್ಲ ಬಿಡು, 'ಡು ನಾಟ್ ವ್ಯಾಲಿಡೇಟ್' ಅಂತ ಒತ್ತು, ಬರುತ್ತೆ" ಎಂದು ಹಾಸ್ಟೆಲಿನ ಹಿರಿಯ ವಿದ್ಯಾರ್ಥಿಗಳು ಹೇಳಿಕೊಡುತ್ತಾರೆ. ಹಾಗೆ ಒತ್ತಿದರೆ ವೈಫೈ ಬರುವುದೂ ನಿಜ. ಆದರೆ ಆ ಒಂದು ಒತ್ತಿನಿಂದ ಕೈಬಿಟ್ಟು ಹೋಗುವುದೇನು ಎಂಬುದನ್ನು ವಿದ್ಯಾರ್ಥಿಯೂ ಮನೆಯವರೂ ತಿಳಿದಿರಬೇಕು.

ಎರಡು ಬಗೆಯ ವೈಫೈ

ಮನೆಯ ವೈಫೈಯಲ್ಲಿ ಎಲ್ಲರಿಗೂ ಒಂದೇ ಕೀಲಿ. ಸಾವಿರಾರು ಜನ ಬಳಸುವ ಕಾಲೇಜು ಅಥವಾ ಕಚೇರಿಯಲ್ಲಿ ಇದು ನಡೆಯದು. ಒಬ್ಬ ಬಿಟ್ಟುಹೋದಾಗಲೆಲ್ಲ ಎಲ್ಲರ ಕೀಲಿ ಬದಲಿಸಲು ಸಾಧ್ಯವೇ? ಆದ್ದರಿಂದ ಅಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಗುರುತು. 2001ರಲ್ಲಿ ರೂಪುಗೊಂಡ 802.1ಎಕ್ಸ್ ಎಂಬ ಮಾನದಂಡ ಇದಕ್ಕೆ ಆಧಾರ. ಗೋಡೆಯ ಮೇಲಿನ ವೈಫೈ ಪೆಟ್ಟಿಗೆ ಯಾರನ್ನೂ ಪರೀಕ್ಷಿಸುವುದಿಲ್ಲ. ಅದು ಬಾಗಿಲು ಕಾಯುವ ಜವಾನನಂತೆ, ಬಂದವರ ವಿವರವನ್ನು ಒಳಗಿನ 'ರೇಡಿಯಸ್' ಎಂಬ ಸರ್ವರ್‌ಗೆ ಮುಟ್ಟಿಸುತ್ತದೆ. ಅಲ್ಲಿಂದ ಒಪ್ಪಿಗೆ ಬಂದರೆ ಬಾಗಿಲು ತೆರೆಯುತ್ತದೆ.

'ಎಜುರೋಮ್' ಎಂಬ ಜಾಲ ಇದಕ್ಕೆ ಒಳ್ಳೆಯ ಉದಾಹರಣೆ. 2002ರ ಸುಮಾರಿಗೆ ಯುರೋಪಿನಲ್ಲಿ ಆರಂಭವಾದ ಈ ಏರ್ಪಾಡಿನಲ್ಲಿ ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿ ಇನ್ನೊಂದಕ್ಕೆ ಹೋದಾಗಲೂ ತನ್ನದೇ ಗುರುತಿನಿಂದ ವೈಫೈ ಪಡೆಯಬಹುದು. ಭಾರತದಲ್ಲಿ ಇದರ ಉಸ್ತುವಾರಿ ಅರ್ನೆಟ್ ಇಂಡಿಯಾ ಸಂಸ್ಥೆಯದು.

ಇಲ್ಲಿಯವರೆಗೆ ನಡೆದದ್ದು ವಿದ್ಯಾರ್ಥಿ ಯಾರು ಎಂಬ ತಪಾಸಣೆ. ಆದರೆ ಎದುರಿಗಿರುವ ಜಾಲ ನಿಜಕ್ಕೂ ಕಾಲೇಜಿನದೇ ಎಂದು ವಿದ್ಯಾರ್ಥಿಗೆ ಖಾತರಿ ಕೊಡುವವರು ಯಾರು? ಸರ್ಟಿಫಿಕೇಟ್ ಇರುವುದು ಇದಕ್ಕಾಗಿ.

ಹೆಸರು ಪುರಾವೆಯಲ್ಲ

ವೈಫೈ ಜಾಲಕ್ಕೆ ಯಾವ ಹೆಸರನ್ನಾದರೂ ಇಡಬಹುದು, ಯಾರು ಬೇಕಾದರೂ ಇಡಬಹುದು. ಚೀಲದಲ್ಲಿ ಹಿಡಿಯುವಷ್ಟು ಚಿಕ್ಕ ಉಪಕರಣಕ್ಕೆ ಕಾಲೇಜಿನ ವೈಫೈ ಹೆಸರನ್ನೇ ಇಟ್ಟು ಒಬ್ಬಾತ ಕ್ಯಾಂಟೀನಿನ ಪಕ್ಕ ಕುಳಿತನೆನ್ನಿ. ಪರಿಚಿತ ಹೆಸರು ಕಂಡ ಕೂಡಲೇ ಮೊಬೈಲು, ಜೇಬಿನಲ್ಲಿದ್ದಂತೆಯೇ, ತಾನಾಗಿ ಸೇರಿಕೊಳ್ಳಲು ಹೊರಡುತ್ತದೆ. ತಪಾಸಣೆ ಬೇಡವೆಂದು ಮೊದಲೇ ಹೇಳಿದ್ದರೆ ಅದು ಗುರುತಿನ ವಿವರಗಳನ್ನು ಆ ಕಳ್ಳ ಜಾಲಕ್ಕೇ ಒಪ್ಪಿಸುತ್ತದೆ. ರಜೆಗೆ ಊರಿಗೆ ಬಂದಾಗ ಹೊಸಪೇಟೆಯ ಬಸ್ ನಿಲ್ದಾಣದಲ್ಲಿಯೂ ಹೀಗಾಗಬಹುದು.

ಪಾಸ್‌ವರ್ಡ್ ನೇರವಾಗಿ ಹೋಗುವುದಿಲ್ಲವಲ್ಲ, ಗೂಢ ರೂಪದಲ್ಲಿ ತಾನೇ ಹೋಗುವುದು ಎಂದು ಕೆಲವರು ಕೇಳಬಹುದು. ಇಂಥ ಜಾಲಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಗೂಢ ವಿಧಾನದ ಹೆಸರು ಎಂಎಸ್-ಚಾಪ್ ಆವೃತ್ತಿ 2. ಅದನ್ನು ಒಡೆಯುವ ಕೆಲಸವನ್ನು 56 ಬಿಟ್‌ನ ಒಂದೇ ಕೀಲಿಯ ಹುಡುಕಾಟಕ್ಕೆ ಇಳಿಸಬಹುದೆಂದೂ, ತಕ್ಕ ಯಂತ್ರವಿದ್ದರೆ ಒಂದು ದಿನದೊಳಗೆ ಮುಗಿಸಬಹುದೆಂದೂ 2012ರಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ಅಮೆರಿಕದ ಡೆಫ್‌ಕಾನ್ ಸಮ್ಮೇಳನದಲ್ಲಿ ತೋರಿಸಿದರು. ಅನೇಕ ಕಡೆ ವೈಫೈಯ ಪಾಸ್‌ವರ್ಡೇ ಕಾಲೇಜಿನ ಇಮೇಲ್, ಹಾಜರಿ, ಶುಲ್ಕಗಳ ಪಾಸ್‌ವರ್ಡೂ ಆಗಿರುತ್ತದೆ. ಕದ್ದವನ ಕೈಗೆ ಸಿಗುವುದು ಬರಿಯ ವೈಫೈ ಅಲ್ಲ.

ಮುದ್ರೆಯ ಮಹತ್ವ

ಖಾತರಿಯ ಈ ಸಮಸ್ಯೆ ಹೊಸದೇನಲ್ಲ. ವಿಜಯನಗರದ ಅರಸರ ಅನೇಕ ತಾಮ್ರಶಾಸನಗಳು ಸಂಸ್ಕೃತ ಭಾಷೆಯಲ್ಲಿ, ನಂದಿನಾಗರಿ ಲಿಪಿಯಲ್ಲಿವೆ. ಆದರೆ ಕೊನೆಯಲ್ಲಿ ಅರಸನ ಅಂಕಿತವಾಗಿ 'ಶ್ರೀ ವಿರೂಪಾಕ್ಷ' ಎಂಬುದು ಮಾತ್ರ ಕನ್ನಡ ಲಿಪಿಯಲ್ಲಿರುತ್ತದೆ. ದೂರದ ಊರಿನಲ್ಲಿ ಅರಸನ ಮುಖ ಕಂಡವರಿಲ್ಲ; ಶಾಸನವನ್ನು ನಂಬಲು ಅಂಕಿತವೇ ಆಧಾರ.

ಡಿಜಿಟಲ್ ಸರ್ಟಿಫಿಕೇಟ್ ಮಾಡುವುದೂ ಇದನ್ನೇ. ಅದರಲ್ಲಿ ಸರ್ವರ್‌ನ ಹೆಸರು, ಅದರ ಬಹಿರಂಗ ಕೀಲಿ, ಎಂದಿನಿಂದ ಎಂದಿನವರೆಗೆ ಚಾಲ್ತಿ ಎಂಬ ದಿನಾಂಕ ಮತ್ತು ಇವೆಲ್ಲ ಸರಿ ಎಂದು ಪ್ರಮಾಣ ಪ್ರಾಧಿಕಾರ ಹಾಕಿದ ಡಿಜಿಟಲ್ ಸಹಿ ಇರುತ್ತವೆ. ಈ ಪ್ರಾಧಿಕಾರವೇ 'ಸಿಎ'. ಅಂಕಿತವನ್ನು ನೋಡಿ ನಕಲು ಮಾಡಬಹುದು. ಡಿಜಿಟಲ್ ಸಹಿಯನ್ನು ಹಾಗೆ ನಕಲು ಮಾಡಲಾಗದು. ವಿವರದಲ್ಲಿ ಒಂದಕ್ಷರ ಬದಲಾದರೂ ಸಹಿ ತಾಳೆಯಾಗುವುದಿಲ್ಲ. ಬಹಿರಂಗ ಕೀಲಿಗೆ ಜೋಡಿಯಾದ ರಹಸ್ಯ ಕೀಲಿ ನಿಜವಾದ ಸರ್ವರ್ ಬಳಿ ಮಾತ್ರ ಇರುವುದರಿಂದ, ಸರ್ಟಿಫಿಕೇಟಿನ ಪ್ರತಿಯನ್ನು ಇಟ್ಟುಕೊಂಡ ಮಾತ್ರಕ್ಕೆ ಕಳ್ಳ ಜಾಲ ಕಾಲೇಜಿನ ಜಾಲವಾಗದು.

ಮೊಬೈಲಿನಲ್ಲಿ ಮಾಡಬೇಕಾದದ್ದು

ಕಾಲೇಜಿನ ಕಂಪ್ಯೂಟರ್ ವಿಭಾಗದಿಂದ ಸರ್ಟಿಫಿಕೇಟ್ ಕಡತವನ್ನೂ ಡೊಮೈನ್ ಹೆಸರನ್ನೂ ಪಡೆಯಬೇಕು. ಗೆಳೆಯರು ವಾಟ್ಸಾಪಿನಲ್ಲಿ ಕಳಿಸಿದ ಕಡತ ಬೇಡ. ಬಳಿಕ ಆಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ವಿಭಾಗದ 'ಇನ್‌ಸ್ಟಾಲ್ ಎ ಸರ್ಟಿಫಿಕೇಟ್' ಎಂಬಲ್ಲಿಗೆ ಹೋಗಬೇಕು. ಫೋನಿನಿಂದ ಫೋನಿಗೆ ಈ ದಾರಿ ತುಸು ಬೇರೆಯಾದೀತು. ಹುಡುಕು ಪಟ್ಟಿಯಲ್ಲಿ 'ಸರ್ಟಿಫಿಕೇಟ್' ಎಂದು ಬರೆದರೆ ಸಿಗುತ್ತದೆ.

ಎಚ್ಚರ ಬೇಕಾದದ್ದು ಇಲ್ಲಿ. ಈಚಿನ ಫೋನುಗಳಲ್ಲಿ 'ಸಿಎ ಸರ್ಟಿಫಿಕೇಟ್', 'ವೈಫೈ ಸರ್ಟಿಫಿಕೇಟ್' ಎಂದು ಬೇರೆ ಬೇರೆ ಆಯ್ಕೆಗಳಿರುತ್ತವೆ. ಆರಿಸಬೇಕಾದದ್ದು 'ವೈಫೈ ಸರ್ಟಿಫಿಕೇಟ್'. ಆಗ ಅದರ ಅಧಿಕಾರ ವೈಫೈ ಜಾಲದ ತಪಾಸಣೆಗಷ್ಟೇ ಸೀಮಿತ. ಮೊದಲನೆಯದನ್ನು ಆರಿಸಿದರೆ ಬ್ರೌಸರ್‌ನಂಥ ತಂತ್ರಾಂಶಗಳು ವೆಬ್‌ಸೈಟುಗಳ ವಿಚಾರದಲ್ಲಿಯೂ ಆ ಪ್ರಾಧಿಕಾರದ ಮಾತನ್ನು ನಂಬಬಹುದು. ಫೋನು ಆಗ ಎಚ್ಚರಿಕೆ ತೋರಿಸುವುದು ಸುಮ್ಮನೆ ಅಲ್ಲ. ಸಹಿ ಹಾಕುವ ಅಧಿಕಾರ ತಪ್ಪಾಗಿ ಬಳಕೆಯಾದರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದಲ್ಲೇ ನಿದರ್ಶನವಿದೆ. 2014ರ ಜುಲೈ 2ರಂದು ಗೂಗಲ್‌ನ ಡೊಮೈನುಗಳ ಹೆಸರಿನಲ್ಲಿ ಅನಧಿಕೃತ ಸರ್ಟಿಫಿಕೇಟುಗಳು ಹೊರಬಿದ್ದಿರುವುದು ಆ ಸಂಸ್ಥೆಯ ಗಮನಕ್ಕೆ ಬಂತು. ಅವು ಭಾರತದ ರಾಷ್ಟ್ರೀಯ ಮಾಹಿತಿ ಕೇಂದ್ರದ ಪ್ರಮಾಣ ಪ್ರಾಧಿಕಾರದಿಂದ ಬಂದಿದ್ದವು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಪ್ರಕಾರ ಪ್ರಾಧಿಕಾರಗಳ ಮೇಲ್ವಿಚಾರಣೆ ಮಾಡುವ ನಿಯಂತ್ರಕರು ಮರುದಿನವೇ ಅದರ ಮಧ್ಯಂತರ ಸರ್ಟಿಫಿಕೇಟುಗಳನ್ನು ರದ್ದು ಮಾಡಬೇಕಾಯಿತು.

ಸರ್ಟಿಫಿಕೇಟ್ ಹಾಕಿದ ಮೇಲೆ ವೈಫೈ ಪುಟದಲ್ಲಿ ಅದನ್ನೇ ಆರಿಸಿ, ಡೊಮೈನ್ ಹೆಸರನ್ನು ಕಾಲೇಜು ಕೊಟ್ಟಂತೆಯೇ ಬರೆಯಬೇಕು. ಕೆಲವು ಕಾಲೇಜುಗಳು 'ಯೂಸ್ ಸಿಸ್ಟಮ್ ಸರ್ಟಿಫಿಕೇಟ್ಸ್' ಆರಿಸಲು ಹೇಳುತ್ತವೆ. ಆಗಂತೂ ಡೊಮೈನ್ ಹೆಸರು ಬಹಳ ಮುಖ್ಯ. ಅಂಥ ಸಾರ್ವಜನಿಕ ಪ್ರಾಧಿಕಾರದಿಂದ ತನ್ನದೇ ಡೊಮೈನಿಗೆ ಸರ್ಟಿಫಿಕೇಟ್ ಪಡೆಯಲು ಕಳ್ಳನಿಗೂ ಅಡ್ಡಿಯಿಲ್ಲ. ಐಫೋನು ಮೊದಲ ಸಲ ಸೇರುವಾಗ ಸರ್ಟಿಫಿಕೇಟನ್ನು ತೋರಿಸಿ 'ಟ್ರಸ್ಟ್' ಮಾಡಲೇ ಎಂದು ಕೇಳುತ್ತದೆ. ಕಾಲೇಜು ಕೊಟ್ಟ ವಿವರದೊಡನೆ ಅದನ್ನು ತಾಳೆ ನೋಡಿಯೇ ಒಪ್ಪಬೇಕು.

ಕೆಲವು ಸಂಸ್ಥೆಗಳು ಪಾಸ್‌ವರ್ಡಿನ ಬದಲು ವಿದ್ಯಾರ್ಥಿಗೇ ಒಂದು ಸರ್ಟಿಫಿಕೇಟ್ ಕೊಡುತ್ತವೆ. ಅದರ ಕಡತದ ಹೆಸರು ಪಿ12 ಅಥವಾ ಪಿಎಫ್‌ಎಕ್ಸ್ ಎಂದು ಕೊನೆಗೊಳ್ಳುತ್ತದೆ. ಅದರೊಳಗೆ ವಿದ್ಯಾರ್ಥಿಯ ರಹಸ್ಯ ಕೀಲಿಯೇ ಇರುವುದರಿಂದ ಆಪ್ತ ಗೆಳೆಯನಿಗೂ ಕೊಡುವಂತಿಲ್ಲ.

ಕೆಟ್ಟಿರುವುದು ಫೋನಲ್ಲ

2020ರ ಡಿಸೆಂಬರಿನಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಗೆ ಕೊಟ್ಟ ಆಂಡ್ರಾಯ್ಡ್ 11ರ ಪರಿಷ್ಕರಣೆಯಲ್ಲಿ 'ಡು ನಾಟ್ ವ್ಯಾಲಿಡೇಟ್' ಆಯ್ಕೆಯನ್ನೇ ತೆಗೆದುಹಾಕಿತು. ಬೇರೆ ಕಂಪನಿಗಳ ಅನೇಕ ಫೋನುಗಳಲ್ಲಿಯೂ ಈಗ ಅದು ಕಾಣದು. ಗೆಳೆಯನ ಹಳೆಯ ಫೋನಿನಲ್ಲಿ ವೈಫೈ ಬಂದು, ಸಾಲ ಮಾಡಿ ಕೊಡಿಸಿದ ಹೊಸ ಫೋನಿನಲ್ಲಿ ಬಾರದಿದ್ದರೆ ಮನೆಗೆ ದೂರು ಹೋಗುತ್ತದೆ. ಭತ್ತದ ಗದ್ದೆಯಲ್ಲಿ ನಿಂತು ಆ ಕರೆ ತೆಗೆದುಕೊಳ್ಳುವ ತಂದೆ ಫೋನ್ ಬದಲಿಸುವ ಯೋಚನೆ ಮಾಡಬೇಕಾಗಿಲ್ಲ. ಮೊದಲು ಫೋನಿನ ದಿನಾಂಕ ಸರಿಯಿದೆಯೇ ನೋಡಲು ಹೇಳಬಹುದು, ಏಕೆಂದರೆ ದಿನಾಂಕ ತಪ್ಪಿದ್ದರೆ ಚಾಲ್ತಿಯಲ್ಲಿರುವ ಸರ್ಟಿಫಿಕೇಟೂ ಅವಧಿ ಮೀರಿದಂತೆ ಕಾಣುತ್ತದೆ. ಅದೂ ಸರಿಯಿದ್ದರೆ ಕೇಳಬೇಕಾದ ಮಾತು ಒಂದೇ: "ಕಾಲೇಜಿನವರು ಕೊಟ್ಟ ಸರ್ಟಿಫಿಕೇಟ್ ಹಾಕಿದ್ದೀಯೇನಪ್ಪಾ?"

ಕಾಲೇಜಿನವರೂ ಪ್ರವೇಶದ ದಿನ ಶುಲ್ಕದ ರಸೀತಿಯ ಜೊತೆ ವೈಫೈಯ ವಿವರವಿರುವ ಒಂದು ಕನ್ನಡ ಹಾಳೆ ಕೊಟ್ಟರೆ ಎಷ್ಟೋ ತೊಂದರೆ ತಪ್ಪುತ್ತದೆ. ಹಳೆಯ ಸರ್ಟಿಫಿಕೇಟಿನ ಅವಧಿ ಮುಗಿದು ಹೊಸದು ಬರುವಾಗ ಮುಂಚಿತವಾಗಿ ತಿಳಿಸುವುದೂ ಅವರ ಕರ್ತವ್ಯ. ವಿದ್ಯಾರ್ಥಿಯ ಕರ್ತವ್ಯ ಇನ್ನೂ ಚಿಕ್ಕದು: ಪರದೆಯ ಮೇಲೆ ಎಚ್ಚರಿಕೆ ಮೂಡಿದಾಗ ಓದದೆ ಒತ್ತಬಾರದು, ಓದು ಮುಗಿಸಿ ಕಾಲೇಜು ಬಿಡುವ ದಿನ ಆ ಜಾಲವನ್ನೂ ಸರ್ಟಿಫಿಕೇಟನ್ನೂ ಫೋನಿನಿಂದ ಅಳಿಸಿಹಾಕಬೇಕು.