ಘಾಟಿಗೆ ಬೇಕಾದ್ದು ಕುದುರೆಶಕ್ತಿ ಅಲ್ಲ

ನಮ್ಮ ಟೆಕ್ಕಿಗಳಿಗೆ ಹೊಸ ಹುಚ್ಚು. ಫೋಕ್ಸ್‌ವ್ಯಾಗನ್ ವರ್ಟಸ್ 1.5 ಆಟೊಮ್ಯಾಟಿಕ್ ಕೊಳ್ಳೋದು, ಎಂಜಿನ್ ಸಾಫ್ಟ್‌ವೇರ್ ತಿದ್ದಿಸಿ ಪವರ್ ಏರಿಸೋದು, ವೀಕೆಂಡಿಗೆ ಮಲೆನಾಡಿಗೆ ನುಗ್ಗೋದು.

ಲೆಕ್ಕ ಕೇಳಿ. ಆ ಎಂಜಿನ್ನಿನ ಟಾರ್ಕ್ 250 ನ್ಯೂಟನ್ ಮೀಟರ್. ಅದರ ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸ್ ತಡೆಯುವ ಮಿತಿಯೂ ಅಷ್ಟೇ. ಕಂಪನಿಯೇ ಅಂಚಿಗೆ ತಂದಿಟ್ಟದ್ದನ್ನು ನೀವು ಆಚೆ ತಳ್ತೀರಿ. ಅದರ ಕ್ಲಚ್ಚು ಡ್ರೈ. ತಂಪು ಮಾಡೋಕೆ ಎಣ್ಣೆಯಿಲ್ಲ. ಹೊಸನಗರದ ಹುಲಿಕಲ್ ಘಾಟಿಯಲ್ಲಿ ಲಾರಿ ಹಿಂದೆ ತೆವಳುವಾಗ ಅದರ ಗತಿ ಏನು? ಸೂಪರ್‌ಚಾರ್ಜರ್ ಇರಲಿ, ಟರ್ಬೊ ಇರಲಿ, ಗಾಳಿಯನ್ನು ಹೆಚ್ಚು ಒತ್ತಿದಷ್ಟೂ ಬಿಸಿ ಏರುತ್ತೆ. ಅದನ್ನು ಇಳಿಸಬೇಕಾದ ಇಂಟರ್‌ಕೂಲರ್ ಮಾತ್ರ ಹಳೇದೇ. ಬೆಂಗಳೂರಿನ 100 ಆಕ್ಟೇನ್ ಪೆಟ್ರೋಲಿಗೆ ಟ್ಯೂನ್ ಮಾಡಿಸಿ ಸಾಗರದಲ್ಲಿ ಮಾಮೂಲಿ ಪೆಟ್ರೋಲ್ ತುಂಬಿಸಿದರೆ ಎಂಜಿನ್ ನಾಕ್ ಆಗದೆ ಇನ್ನೇನಾಗುತ್ತೆ?

ಲೋಡ್ ಟೆಸ್ಟ್ ಇಲ್ಲದೆ ಕೋಡ್ ಬಿಡದ ನಾವು, ಕಾರಿಗೆ ಮಾತ್ರ ಯಾರೋ ಕೊಟ್ಟ ಫೈಲ್ ಹಾಕಿಸ್ತೀವಿ!

ಓವರ್‌ಟೇಕಿಗೆ ಪವರ್ ಬೇಕಂತೆ. ನಾನು ತೀರ್ಥಹಳ್ಳಿ ಕಡೆಯವನು. 150 ಕುದುರೆ ಸಾಲದ ರಸ್ತೆ ನಮ್ಮಲ್ಲಿಲ್ಲ. ಇರೋದು ತಿರುವು, ಮಳೆ, ರಸ್ತೆಯಲ್ಲೇ ಮಲಗಿದ ದನ, ಬಸ್ಸಿಗೆ ಕಾಯೋ ಮಕ್ಕಳು. ದುಡ್ಡಿದ್ದರೆ ಮೊದಲು ಒಳ್ಳೆ ಟೈರು, ಬ್ರೇಕ್ ಪ್ಯಾಡು ಹಾಕಿಸಿ, ಆಮೇಲೆ ಇಂಟರ್‌ಕೂಲರ್. ಆಗುಂಬೆ ಇಳಿಯುವಾಗ ನಿಮ್ಮನ್ನು ಕಾಯೋದು ಬ್ರೇಕು, ಬೂಸ್ಟ್ ಅಲ್ಲ.